ಕಾರ್ಯಾಗಾರ ನಡೆಸುವವರ ಪ್ರಶ್ನೆಗಳು

ಪ್ರಶ್ನೆ: ಕಚೇರಿಯ 25 ಮಂದಿಗೆ ಸಂವಹನ ಕೌಶಲದ ಒಂದು ದಿನದ ಕಾರ್ಯಾಗಾರ ನಡೆಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಆಲಿಸುವುದು, ಹಿಮ್ಮಾಹಿತಿ (ಫೀಡ್‌ಬ್ಯಾಕ್) ಕೊಡುವುದು, ಒಲ್ಲೆ ಎನ್ನುವುದು, ಸಭೆ ನಡೆಸುವುದು, ಇಮೇಲ್ ಬರೆಯುವುದು, ವೇದಿಕೆಯಲ್ಲಿ ಮಾತಾಡುವುದು ಹೀಗೆ ಆರು ವಿಷಯಗಳಿಗೆ 80 ಸ್ಲೈಡ್ ಮಾಡಿಟ್ಟುಕೊಂಡಿದ್ದೇನೆ. ಬೆಳಿಗ್ಗೆ 9.30ರಿಂದ ಸಂಜೆ 4.30ರವರೆಗೆ ಸಮಯವಿದೆ. ಹೇಗೆ ಹಂಚಲಿ?

ಆರರಲ್ಲಿ ಮೂರನ್ನು ಬಿಡಿ. ಯಾಕೆಂದು ಲೆಕ್ಕ ಹಾಕಿ ನೋಡೋಣ.

ಒಟ್ಟು 420 ನಿಮಿಷ. ಊಟಕ್ಕೆ 60, ಎರಡು ಕಿರುವಿರಾಮಕ್ಕೆ 30 ಹೋದರೆ 330. ತಡವಾಗಿ ಬರುವವರಿಗಾಗಿ ಕಾಯುವುದು ಮತ್ತು ಪರಿಚಯ ಸೇರಿ 15, ಮೂರು ವಿರಾಮಗಳಿಂದ ಮರಳಿ ಕೂರಲು ತಲಾ 5ರಂತೆ 15, ಕೊನೆಗೆ ಮುಂದಿನ ಹೆಜ್ಜೆ ಬರೆದುಕೊಳ್ಳಲು 20. ಉಳಿದದ್ದು 280.

ಒಂದು ಕೌಶಲ ಕೈಗೆ ಹತ್ತಬೇಕಾದರೆ ಎಷ್ಟು ಹೊತ್ತು ಬೇಕು? ವಿವರಣೆ 10 ನಿಮಿಷ, ನೀವೇ ಮಾಡಿ ತೋರಿಸುವುದು 8, ಚಟುವಟಿಕೆಯ ಸೂಚನೆ 5. ಆಮೇಲೆ ಮೂವರ ಗುಂಪುಗಳು: ಒಬ್ಬರು ಮಾತಾಡುವವರು, ಒಬ್ಬರು ಎದುರಿನವರು, ಒಬ್ಬರು ಗಮನಿಸುವವರು. ಅಭ್ಯಾಸ 5 ನಿಮಿಷ, ಹಿಮ್ಮಾಹಿತಿ 4, ಪಾತ್ರ ಬದಲಿಸಲು 1. ಮೂವರದೂ ಮುಗಿಯಲು 30. ಇಲ್ಲಿಗೇ ನಿಲ್ಲಿಸುವವರು ಬಹಳ ಮಂದಿ, ಕೆಡುವುದೂ ಇಲ್ಲೇ. ಹಿಮ್ಮಾಹಿತಿ ಕೇಳಿದವರಿಗೆ ಅದನ್ನು ಬಳಸಿ ಇನ್ನೊಮ್ಮೆ ಮಾಡಿ ನೋಡುವ ಅವಕಾಶ ಸಿಗದಿದ್ದರೆ, ತಪ್ಪೊಂದೇ ನೆನಪಿನಲ್ಲಿ ಉಳಿದು, ತಿದ್ದಿಕೊಂಡ ಅನುಭವ ಇಲ್ಲದೇ ಹೋಗುತ್ತದೆ. ಆದ್ದರಿಂದ ಎಡವಿದ ಭಾಗವನ್ನಷ್ಟೇ ಮತ್ತೆ ಆಡಿಸಿ: ತಲಾ 4ರಂತೆ 12 ನಿಮಿಷ. ಕೊನೆಗೆ ಎಲ್ಲರೂ ಕೂಡಿ ಅವಲೋಕನ, 20. ಒಟ್ಟು 85 ನಿಮಿಷ. ಮೂರು ಕೌಶಲಕ್ಕೆ 255. ಮಿಕ್ಕ 25 ನಿಮಿಷವನ್ನು ಯಾವುದಕ್ಕೂ ಕೊಡದೆ ಕೈಯಲ್ಲಿ ಇಟ್ಟುಕೊಳ್ಳಿ. ದಿನ ಅದನ್ನು ತಾನಾಗಿಯೇ ನುಂಗುತ್ತದೆ.

25 ಮಂದಿ ಮೂರರಿಂದ ಭಾಗವಾಗುವುದಿಲ್ಲ. ಮೂವರ ಏಳು ಗುಂಪು, ನಾಲ್ವರದು ಒಂದು ಮಾಡಿ. ನಾಲ್ವರ ಗುಂಪಿಗೆ ಮೊದಲ ಸುತ್ತಿನಲ್ಲಿ ತಲಾ ಏಳೂವರೆ ನಿಮಿಷ, ಎರಡನೆಯದರಲ್ಲಿ ತಲಾ ಮೂರು. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅವರಲ್ಲಿ ಒಬ್ಬರಿಗೆ ಸರದಿಯೇ ಬರುವುದಿಲ್ಲ.

ಯಾವ ಮೂರನ್ನು ಉಳಿಸಿಕೊಳ್ಳಬೇಕು? ಪ್ರತಿ ವಿಷಯಕ್ಕೂ ಕಣ್ಣಿಗೆ ಕಾಣುವ ಒಂದು ಕೆಲಸವನ್ನು ಬರೆಯಿರಿ. ‘ಹಿಮ್ಮಾಹಿತಿಯ ಮಹತ್ವ ಅರಿಯುವರು’ ಎಂದರೆ ಅರಿತರೋ ಇಲ್ಲವೋ ನಿಮಗೆ ಕಾಣುವುದಿಲ್ಲ. ‘ಏನಾಯಿತು, ಅದರಿಂದ ಏನು ತೊಂದರೆಯಾಯಿತು, ಮುಂದೆ ಏನಾಗಬೇಕು ಎಂಬ ಮೂರನ್ನೂ ಸಹೋದ್ಯೋಗಿಗೆ ಎರಡು ನಿಮಿಷದಲ್ಲಿ ಹೇಳುವರು’ ಎಂದು ಬರೆದರೆ ಕಾಣುತ್ತದೆ. ಇಂಥ ವಾಕ್ಯ ಬರೆಯಲಾಗದ ವಿಷಯ ಇನ್ನೂ ಹಣ್ಣಾಗಿಲ್ಲ. ಇಮೇಲ್ ಬರೆಯುವುದನ್ನು ಒಂದು ಪುಟದ ಟಿಪ್ಪಣಿಯಾಗಿ ಮೊದಲೇ ಕಳಿಸಬಹುದು. ಎದುರಿಗೆ ಮನುಷ್ಯರಿದ್ದಾಗ ಮಾತ್ರ ಕಲಿಯಲಾಗುವುದನ್ನು ಆ ದಿನಕ್ಕೆ ಇಟ್ಟುಕೊಳ್ಳಿ.

ಇನ್ನು ಆ 80 ಸ್ಲೈಡ್: ವಿವರಣೆಗೆ ಇರುವುದೇ ಒಟ್ಟು 30 ನಿಮಿಷ. ಹದಿನೈದು ಸ್ಲೈಡ್ ಸಾಕು.

ಪ್ರಶ್ನೆ: ಪ್ರಶ್ನೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಕೊನೆಗೆ ಉತ್ತರವನ್ನು ನಾನೇ ಹೇಳಬೇಕಾಗುತ್ತದೆ. ಏನು ಮಾಡಲಿ?

ಮೊದಲು, ನೀವು ಎಷ್ಟು ಹೊತ್ತು ಕಾಯುತ್ತೀರಿ ಎಂಬುದನ್ನು ಗಡಿಯಾರ ಹಿಡಿದು ಅಳೆಯಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಂದಿ ತಾವಾಗಿಯೇ ಮಾತಾಡಿದರು. ವಯಸ್ಕರ ಕಾರ್ಯಾಗಾರದಲ್ಲಿ ಅನುಭವವನ್ನು ನೆನೆದು ಹೇಳುವಂಥ ಪ್ರಶ್ನೆಯಾದರೆ ಎಂಟು–ಹತ್ತು ಸೆಕೆಂಡು ಕೊಡಿ. ನಿಂತವರಿಗೆ ಅದು ಯುಗದಂತೆ ಅನಿಸುತ್ತದೆ, ಕೂತವರಿಗೆ ಅನಿಸುವುದಿಲ್ಲ.

ಎರಡನೆಯದು, ‘ಅರ್ಥವಾಯಿತಾ?’, ‘ಏನಾದರೂ ಸಂದೇಹ ಇದೆಯಾ?’ ಎಂಬುವನ್ನು ಕೈಬಿಡಿ. ಸಂದೇಹ ಇದ್ದವರು ಹಾಗೆ ಒಪ್ಪಿಕೊಳ್ಳಲು ನಾಚುತ್ತಾರೆ. ‘ಈ ಮೂರು ಹಂತಗಳಲ್ಲಿ ನಿಮ್ಮ ಕೆಲಸದಲ್ಲಿ ಕಷ್ಟವಾಗುವುದು ಯಾವುದು?’ ಎಂದು ಕೇಳಿದರೆ ಕಷ್ಟ ಇರುವುದು ಸಹಜ ಎಂಬುದನ್ನು ಪ್ರಶ್ನೆಯೇ ಒಪ್ಪಿಕೊಂಡಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ನೇರವಾಗಿ ಇಡೀ ಸಭೆಯನ್ನು ಕೇಳಬೇಡಿ. ಒಂದು ನಿಮಿಷ ಒಬ್ಬೊಬ್ಬರೇ ಬರೆಯಲಿ, ಎರಡು ನಿಮಿಷ ಪಕ್ಕದವರೊಡನೆ ಮಾತಾಡಲಿ, ಆ ಜೋಡಿ ಇನ್ನೊಂದು ಜೋಡಿಯೊಡನೆ ನಾಲ್ಕು ನಿಮಿಷ ಕೂಡಲಿ, ಆಮೇಲೆ ಐದು ನಿಮಿಷ ಎಲ್ಲರ ಮುಂದೆ. ಹನ್ನೆರಡೇ ನಿಮಿಷದಲ್ಲಿ ಪ್ರತಿಯೊಬ್ಬರೂ ಮಾತಾಡಿರುತ್ತಾರೆ. ಬರೆಯುವ ಮೊದಲ ನಿಮಿಷವನ್ನು ‘ಸಮಯ ಉಳಿಯಲಿ’ ಎಂದು ಹಾರಿಸಿದರೆ ಇಡೀ ಕ್ರಮ ಕುಸಿಯುತ್ತದೆ, ಮೊದಲು ಬಾಯಿ ತೆರೆದವರ ಮಾತಿಗೆ ಉಳಿದವರು ತಲೆದೂಗುತ್ತಾರೆ.

ಪ್ರಶ್ನೆ: ಇದಕ್ಕೆ ತದ್ವಿರುದ್ಧ ತೊಂದರೆ ನಮ್ಮದು. ಇಬ್ಬರು ಬಿಟ್ಟೂ ಬಿಡದೆ ಮಾತಾಡುತ್ತಾರೆ. ಮೇಲಧಿಕಾರಿಯೂ ಬಂದು ಕೂರುತ್ತಾರೆ.

ಎಂಟು ಮಂದಿಯ ಗುಂಪು ಮಾಡಿದ್ದರೆ ನಾಲ್ಕಕ್ಕೆ ಇಳಿಸಿ. ನಾಲ್ವರಲ್ಲಿ ಆಗಬಹುದಾದ ಜೋಡಿ ಸಂಬಂಧ ಆರು, ಎಂಟು ಮಂದಿಯಲ್ಲಿ ಇಪ್ಪತ್ತೆಂಟು. ಗುಂಪು ದೊಡ್ಡದಾದಷ್ಟೂ ಮೌನವಾಗಿರುವವರು ಅಡಗಿಕೊಳ್ಳುವುದು ಸುಲಭ.

ಹೆಚ್ಚು ಮಾತಾಡುವವರನ್ನು ಎಲ್ಲರೆದುರು ತಡೆದರೆ ಉಳಿದವರೂ ಬೆದರುತ್ತಾರೆ. ‘ಇದುವರೆಗೆ ಮಾತಾಡದವರಿಂದ ಇಬ್ಬರ ಅಭಿಪ್ರಾಯ ಕೇಳೋಣ’ ಎಂದರೆ ಸಾಕು. ವಿಷಯ ಬಿಟ್ಟು ಹೋದರೆ, ‘ಆಮೇಲೆ ನೋಡೋಣ’ ಎಂಬ ತಲೆಬರಹದ ಚಾರ್ಟ್ ಹಾಳೆಯಲ್ಲಿ ಅವರ ಮಾತಿನಲ್ಲೇ ಬರೆದಿಡಿ. ಸಂಜೆ ಅದಕ್ಕೆ ನಿಜಕ್ಕೂ ಹತ್ತು ನಿಮಿಷ ಕೊಡಬೇಕು. ಕೊಡದಿದ್ದರೆ ಮುಂದಿನ ಸಲ ಆ ಹಾಳೆಯನ್ನು ಯಾರೂ ನಂಬುವುದಿಲ್ಲ.

ಅಧಿಕಾರಿಯ ವಿಷಯ ಹಿಂದಿನ ದಿನವೇ ಇತ್ಯರ್ಥವಾಗಬೇಕು. ಆರಂಭದಲ್ಲಿ ಐದು ನಿಮಿಷ ಮಾತಾಡಿ ಹೊರಡುವುದು, ಇಲ್ಲವೇ ಇಡೀ ದಿನ ಶಿಬಿರಾರ್ಥಿಯಾಗಿ ಕೂತು, ತಮ್ಮ ಕೈಕೆಳಗಿನವರಿಲ್ಲದ ಗುಂಪಿನಲ್ಲಿ ಅಭ್ಯಾಸ ಮಾಡುವುದು. ಹಿಂದಿನ ಕುರ್ಚಿಯಲ್ಲಿ ಕೂತು ‘ನೋಡುತ್ತಿರುತ್ತೇನೆ’ ಎಂಬುದಕ್ಕೆ ಒಪ್ಪಬೇಡಿ. ಯಾರೋ ಪರೀಕ್ಷಿಸುತ್ತಿದ್ದಾರೆ ಎಂಬ ಅನುಮಾನ ಇರುವಲ್ಲಿ ಯಾರೂ ತಪ್ಪು ಮಾಡಲು ಧೈರ್ಯ ಮಾಡರು, ತಪ್ಪಿಲ್ಲದೆ ಕಲಿಕೆಯೂ ಇಲ್ಲ.

ಪ್ರಶ್ನೆ: ಗುಂಪು ಚರ್ಚೆಯ ನಂತರ ಪ್ರತಿ ಗುಂಪೂ ವರದಿ ಒಪ್ಪಿಸುವಾಗ ಎಲ್ಲರೂ ಆಕಳಿಸುತ್ತಾರೆ.

ಆರು ಗುಂಪು, ತಲಾ ಐದು ನಿಮಿಷ ಎಂದರೆ ಅರ್ಧ ಗಂಟೆ. ನಾಲ್ಕನೆಯ ಗುಂಪಿನ ಹೊತ್ತಿಗೆ ಮಾತುಗಳೆಲ್ಲ ಮರುಕಳಿಸುತ್ತಿರುತ್ತವೆ. ಚಾರ್ಟ್‌ಗಳನ್ನು ಗೋಡೆಗೆ ಅಂಟಿಸಿ, ಎಲ್ಲರೂ ಎದ್ದು ಎಂಟು ನಿಮಿಷ ಓಡಾಡಿ ಓದಲಿ. ಒಪ್ಪಿಗೆಯಾದಲ್ಲಿ ಚುಕ್ಕೆ, ತಿಳಿಯದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಲಿ. ನಂತರ ಪ್ರಶ್ನಾರ್ಥಕ ಬಿದ್ದವುಗಳನ್ನು ಮಾತ್ರ ಚರ್ಚಿಸಿ.

ಚಾರ್ಟ್ ಓದಲು ಬರುವಂತಿರಬೇಕು. ಐದು ಮೀಟರ್ ದೂರದವರಿಗೆ ಸಲೀಸಾಗಿ ಕಾಣಲು ಅಕ್ಷರ ಎರಡೂವರೆ ಸೆಂಟಿಮೀಟರ್ ಎತ್ತರ ಬೇಕು. ಕನ್ನಡದಲ್ಲಿ ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕಾದ್ದರಿಂದ ಸಾಲುಗಳ ನಡುವೆ ಧಾರಾಳ ಅಂತರ ಬಿಡಲು ಹೇಳಿ. ಕಪ್ಪು ಅಥವಾ ನೀಲಿ ಮಾರ್ಕರ್ ಕೊಡಿ. ಹಳದಿ, ಕಿತ್ತಳೆ ದೂರಕ್ಕೆ ಕಾಣವು. ಅಂಟುಚೀಟಿಗಳನ್ನು (ಸ್ಟಿಕಿ ನೋಟ್) ಕೆಳಗಿನಿಂದ ಮೇಲಕ್ಕೆ ಕಿತ್ತರೆ ಸುರುಳಿಯಾಗಿ ಬೇಗ ಉದುರುತ್ತವೆ, ಪಕ್ಕದಿಂದ ಎಳೆದು ಕಿತ್ತರೆ ಚಪ್ಪಟೆಯಾಗಿ ನಿಲ್ಲುತ್ತವೆ. ಒಂದು ಚೀಟಿಗೆ ಒಂದೇ ವಿಚಾರ, ಇಲ್ಲದಿದ್ದರೆ ವಿಂಗಡಿಸಲಾಗದು.

ಪ್ರಶ್ನೆ: ‘ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ಮಾಡಿದ್ದರಲ್ಲಿ ಶೇ 90 ನೆನಪಿರುತ್ತದೆ’ ಎಂಬ ಚಿತ್ರವನ್ನು ಮೊದಲ ಸ್ಲೈಡ್ ಆಗಿ ಹಾಕಬಹುದೇ?

ಬೇಡ. ಆ ಅಂಕಿಗಳಿಗೆ ಸಂಶೋಧನೆಯ ಆಧಾರವಿಲ್ಲ. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಅನುಭವಗಳನ್ನು ಶಂಕುವಿನ ಆಕಾರದಲ್ಲಿ ಜೋಡಿಸಿದ್ದರು, ಅದರಲ್ಲಿ ಶೇಕಡಾವಾರು ಇರಲಿಲ್ಲ. ಅಂಕಿಗಳನ್ನು ನಂತರ ಬೇರೆಯವರು ಅಂಟಿಸಿದರು. ಅಭ್ಯಾಸದಿಂದ ಕಲಿಕೆ ಗಟ್ಟಿಯಾಗುತ್ತದೆ ಎಂದು ತೋರಿಸಲು ಸುಳ್ಳು ಸಂಖ್ಯೆ ಬೇಕಾಗಿಲ್ಲ, ಮೊದಲ ಚಟುವಟಿಕೆಯೇ ತೋರಿಸುತ್ತದೆ.

ಪ್ರಶ್ನೆ: ಒತ್ತಡ ನಿರ್ವಹಣೆಯ ಶಿಬಿರದಲ್ಲಿ ಸ್ವಂತ ಬದುಕಿನ ನೋವು ಹಂಚಿಕೊಳ್ಳಲು ಹೇಳಬಹುದೇ?

ಒತ್ತಾಯ ಬೇಡ. ‘ಹತ್ತರಲ್ಲಿ ಎರಡು ಮೂರು ಅಂಕದಷ್ಟು ಕಷ್ಟದ ಪ್ರಸಂಗ ಆರಿಸಿ’ ಎಂದು ಅಳತೆ ಕೊಡಿ. ‘ನನ್ನ ಸರದಿ ಬೇಡ’ ಎನ್ನುವ ಹಕ್ಕು ಎಲ್ಲರಿಗೂ ಇದೆ ಎಂದು ಆರಂಭದಲ್ಲೇ ಹೇಳಿ, ಯಾರಾದರೂ ಅದನ್ನು ಬಳಸಿದಾಗ ಕಾರಣ ಕೇಳದೆ ಮುಂದೆ ಸಾಗಿ. ಒಬ್ಬರು ಅತ್ತರೆ ಚಟುವಟಿಕೆ ಯಶಸ್ವಿಯಾಯಿತು ಎಂದಲ್ಲ. ವಿರಾಮ ಕೊಟ್ಟು ಅವರ ಬಳಿ ಹೋಗಿ, ಆಪ್ತಸಮಾಲೋಚಕರ ನೆರವು ಬೇಕಿದ್ದರೆ ದಾರಿ ತೋರಿಸಿ. ನೀವೇ ಚಿಕಿತ್ಸೆಗೆ ಇಳಿಯಬೇಡಿ.

ಪ್ರಶ್ನೆ: ಕೊನೆಯಲ್ಲಿ ತುಂಬಿಸುವ ಅಭಿಪ್ರಾಯ ಪತ್ರದಲ್ಲಿ ಎಲ್ಲರೂ ‘ಅತ್ಯುತ್ತಮ’ ಎನ್ನುತ್ತಾರೆ. ತಿಂಗಳ ನಂತರ ನೋಡಿದರೆ ಯಾರೂ ಏನನ್ನೂ ಬಳಸುತ್ತಿಲ್ಲ.

ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯ ಮೌಲ್ಯಮಾಪನವನ್ನು ನಾಲ್ಕಾಗಿ ವಿಂಗಡಿಸಿದರು: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ನಡವಳಿಕೆ ಬದಲಾಯಿತೇ, ಅದರಿಂದ ಫಲ ಬಂತೇ. ನಿಮ್ಮ ಪತ್ರ ಅಳೆಯುವುದು ಮೊದಲನೆಯದನ್ನು ಮಾತ್ರ.

ಕೊನೆಯ 20 ನಿಮಿಷದಲ್ಲಿ ಪ್ರತಿಯೊಬ್ಬರೂ ‘ಇಂಥ ಸಂದರ್ಭ ಬಂದಾಗ ಹೀಗೆ ಮಾಡುತ್ತೇನೆ’ ಎಂಬ ಒಂದೇ ವಾಕ್ಯ ಬರೆಯಲಿ. ‘ಚೆನ್ನಾಗಿ ಆಲಿಸುತ್ತೇನೆ’ ಎಂದರೆ ಯಾವಾಗ ಎಂಬುದೇ ಇಲ್ಲ. ‘ಸೋಮವಾರದ ಸಭೆಯಲ್ಲಿ ಯಾರಾದರೂ ದೂರು ಹೇಳಿದಾಗ, ಉತ್ತರಿಸುವ ಮುಂಚೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳಿ ಸರಿಯೇ ಎಂದು ಕೇಳುತ್ತೇನೆ’ ಎಂಬುದು ನಡೆಯುತ್ತದೆ. ಸಂದರ್ಭವೇ ನೆನಪಿಸುತ್ತದೆ.

ಕಲಿತದ್ದು ಮೊದಲ ದಿನಗಳಲ್ಲೇ ವೇಗವಾಗಿ ಮರೆಯುತ್ತದೆ ಎಂದು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಹಾಗಾಗಿ ಮೂರನೆಯ ದಿನ ಒಂದು ಸಂದೇಶ ಕಳಿಸಿ. ಅದರಲ್ಲಿ ಟಿಪ್ಪಣಿ ಇರಬಾರದು, ಪ್ರಶ್ನೆ ಇರಬೇಕು: ‘ಹಿಮ್ಮಾಹಿತಿಯ ಮೂರು ಭಾಗ ಯಾವುವು? ನೋಡದೆ ಬರೆಯಿರಿ.’ ನೆನಪಿಸಿಕೊಳ್ಳುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ. ಎರಡನೆಯ ವಾರ ಜೋಡಿಗಳು ಹದಿನೈದು ನಿಮಿಷ ಮಾತಾಡಿ, ಮಾಡಿದ್ದೇನು, ಅಡ್ಡಿಯಾದದ್ದೇನು ಎಂದು ಬರೆದು ಕಳಿಸಲಿ. ಜೋಡಿಗಳನ್ನು ಕಾರ್ಯಾಗಾರದ ದಿನವೇ ನಿಗದಿ ಮಾಡಿ, ಭೇಟಿಯ ದಿನಾಂಕವನ್ನೂ ಅಲ್ಲೇ ಬರೆಸಿಕೊಳ್ಳಿ. ತಿಂಗಳ ಕೊನೆಗೆ ಅಭಿಪ್ರಾಯ ಪತ್ರವನ್ನು ಶಿಬಿರಾರ್ಥಿಗಳ ಬದಲು ಅವರ ಜೊತೆ ಕೆಲಸ ಮಾಡುವವರಿಗೆ ಕೊಟ್ಟು, ‘ಸಭೆಯಲ್ಲಿ ಏನು ಬದಲಾಗಿದೆ?’ ಎಂದು ಕೇಳಿ.