ಹೆವಿ ಲೈಸೆನ್ಸ್ ಕೋರ್ಸಿಗೆ ರೊಕ್ಕ ಕಟ್ಟೋಕ್ಕಿಂತ ಮೊದಲು

ಸೇಡಂ ಕಾಕಾರ, ನಿಮ್ಮ ಪ್ರಶ್ನೆ ಇದು: ಮಗನಿಗೆ 21 ವರ್ಷ, ಕಾರಿನ ಲೈಸೆನ್ಸ್ ಬಂದು ಎರಡು ವರ್ಷ ಆಗ್ಯದ, ಪಿಕಪ್ ಹೊಡೆದು ತಿಂಗಳಿಗೆ 14,000 ತರ್ತಾನ. ಡ್ರೈವಿಂಗ್ ಸ್ಕೂಲಿನವರು ಹೆವಿ ಸರ್ಟಿಫಿಕೇಟಿಗೆ 16,000 ಕೇಳ್ಯಾರ, ಸಿಮೆಂಟ್ ಬಲ್ಕರ್ (ಸಿಮೆಂಟ್ ಪುಡಿ ಒಯ್ಯೋ ದೊಡ್ಡ ಟ್ಯಾಂಕರ್ ಲಾರಿ) ಮಾಲಕರೊಬ್ಬರು 22,000 ಪಗಾರ ಅಂದಾರ. ಕಟ್ಟಬೇಕೋ ಬ್ಯಾಡೋ?

ಯಾವ ಗಾಡಿ ಹೊಡೆಯವನು ಅನ್ನೋದು ಮೊದಲು ತೀರ್ಮಾನ ಆಗಲಿ. ಗಾಡಿ ಮತ್ತು ಲೋಡ್ ಸೇರಿ ಒಟ್ಟು ತೂಕ 7,500 ಕೆಜಿ ಒಳಗಿದ್ರ ಎಲ್‌ಎಂವಿ (ಕಾರಿನಂಥ ಹಗುರ ಗಾಡಿ) ಲೈಸೆನ್ಸೇ ಸಾಕು, ಬೇರೆ ಟ್ರಾನ್ಸ್‌ಪೋರ್ಟ್ ಎಂಡಾರ್ಸ್‌ಮೆಂಟ್ (ಬಾಡಿಗಿ ಗಾಡಿ ಹೊಡೀಬಹುದು ಅಂತ ಲೈಸೆನ್ಸಿನ ಮ್ಯಾಲೆ ನಮೂದು) ಬ್ಯಾಡ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಾಗ ಹೇಳ್ಯದ. ಆರ್‌ಸಿಯೊಳಗ ಆ ತೂಕ ಬರೆದಿರ್ತದ, ನೋಡ್ರಿ. ಟಾಟಾ ಏಸ್, ಬೊಲೆರೊ ಪಿಕಪ್ ಎಲ್ಲಾ ಇದರೊಳಗೇ ಬರ್ತಾವ. ಅವನು ಪಿಕಪ್ಪಿನಾಗೇ ಇರ್ತಾನ ಅಂದ್ರ 16,000 ಸುಮ್ಮನ ನೀರಿಗೆ ಹಾಕಿದಂಗ. ಬಲ್ಕರಿಗೆ ಹೋಗೋದೇ ಖರೆ ಆದ್ರ ಮಾತ್ರ ಮುಂದ ಓದ್ರಿ.

ಖರ್ಚು 16,000 ಅಲ್ಲ. ಲೈಸೆನ್ಸಿಗೆ ಹೊಸ ಕ್ಲಾಸ್ ಸೇರಿಸೋ ಸರ್ಕಾರಿ ಫೀ, ಫಾರ್ಮ್ 1ಎ ಅನ್ನೋ ಡಾಕ್ಟರ್ ಸರ್ಟಿಫಿಕೇಟ್, ಓಡಾಟ ಸೇರಿ 2,000 ಹಿಡೀರಿ. ಒಂದು ತಿಂಗಳು ಪಿಕಪ್ ಬಿಡಬೇಕು, ಅದು 14,000. ಅಲ್ಲಿಗೆ 32,000. ಹೊಸ ಹುಡುಗನಿಗೆ ಬಲ್ಕರಿನ ಚಾವಿ ಯಾರೂ ಮೊದಲ ದಿನ ಕೊಡೋದಿಲ್ಲ. ಆರು ತಿಂಗಳು ಹಿರಿ ಡ್ರೈವರ್ ಬಾಜೂಕ ತಿಂಗಳಿಗೆ 12,000ಕ್ಕ ಕೂತ್ರ, ಈಗಿನದಕ್ಕಿಂತ ತಿಂಗಳಿಗೆ 2,000 ಕಡಿಮಿ, ಆರು ತಿಂಗಳಿಗೆ ಇನ್ನ 12,000 ಖೋತಾ. ಒಟ್ಟು 44,000.

ಇನ್ನ ಗಳಿಕೆ. 22,000ದಾಗ ಈಗಿನ 14,000 ಕಳೆದ್ರ 8,000 ಹೆಚ್ಚು ಅನಿಸ್ತದ. ಆದ್ರ ಈಗ ಮನಿ ರೊಟ್ಟಿ ತಿಂತಾನ, ಲಾರಿಯಾಗ ಢಾಬಾ. ದಿನಕ್ಕ 200ರಂಗ 25 ದಿನಕ್ಕ 5,000 ಹೋತು. ಭತ್ತೆ ಬೇರೆ ಕೊಟ್ರ 44,000 ಐದಾರು ತಿಂಗಳಿಗೆ ತಿರುಗಿ ಬರ್ತದ. ಭತ್ತೆ ಪಗಾರದಾಗೇ ಅಂದ್ರ ಉಳಿಯೋದು 3,000, ಹದಿನೈದು ತಿಂಗಳು ಬೇಕು, ಅದೂ ಚಾವಿ ಕೈಗೆ ಬಂದ ಮ್ಯಾಲೆ. ಹಂಗಾಗಿ ಮಾಲಕರಿಗೆ ಪಗಾರ ಎಷ್ಟು ಅಂತ ಮತ್ತ ಕೇಳಬ್ಯಾಡ್ರಿ. ಭತ್ತೆ ಬೇರೆನಾ, ಮಾಲು ಶಾರ್ಟೇಜ್ ಬಂದ್ರ ಯಾರ ತಲಿಮ್ಯಾಲೆ, ಟೈರ್ ಒಡೆದ್ರ ಕಟ್ ಮಾಡ್ತಾರಾ, ಇವನ್ನ ಕೇಳ್ರಿ. (ಪಗಾರ ಹೇಳುವಾಗ ಭತ್ತೆ ಮರೆಯೋ ಮಾಲಕರಿಗೆ ಕಟ್ ಮಾಡುವಾಗ ಪೈಸಾ ಪೈಸಾ ನೆನಪಿರ್ತದ.) ಓವರ್‌ಲೋಡ್ ಹಾಕ್ತಾರೋ ಹೆಂಗೋ ಅದೂ ತಿಳಕೊಳ್ರಿ. ಅದರಾಗ ದಂಡದ ಜೊತಿಗೆ ಡ್ರೈವರ್ ಲೈಸೆನ್ಸೂ ಮೂರು ತಿಂಗಳು ಸಸ್ಪೆಂಡ್ ಆಗಬಹುದು. ಮಾಲಕರ ಗಾಡಿ ಇನ್ನೊಬ್ಬ ಡ್ರೈವರ್ ಕೈಯಾಗ ಓಡ್ತದ, ನಿಮ್ಮ ಹುಡುಗ ಮನ್ಯಾಗ.

ರೊಕ್ಕ ಕಟ್ಟೋ ಮೊದಲು ಕಣ್ಣು ಪರೀಕ್ಷೆ ಮಾಡಿಸ್ರಿ. ಹಗಲ ಬೆಳಕಿನಾಗ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಬೇಕು, ಬಣ್ಣಗುರುಡು ಜೋರು ಇಲ್ಲಾ ಪೂರ್ತಿ ಇರಬಾರದು. ಇಲ್ಲಿ ಫೇಲ್ ಆದ್ರ ಸ್ಕೂಲಿನವರು ಕಟ್ಟಿದ್ದು ವಾಪಸ್ ಕೊಡೋದು ಕಷ್ಟ.

ಸ್ಕೂಲ್ ನೋಡೋದು ಹೆಂಗ? ಟ್ರಾನ್ಸ್‌ಪೋರ್ಟ್ ಗಾಡಿಗೆ ತರಬೇತಿ 30 ದಿನಕ್ಕ ಕಡಿಮಿ ಇರಬಾರದು, ಸ್ಟೇರಿಂಗ್ ಹಿಡಿದ ತಾಸು 15ಕ್ಕ ಕಡಿಮಿ ಆಗಬಾರದು, ಇದು ನಿಯಮ. ಒಂದು ಲಾರಿಯಾಗ ಆರು ಮಂದೀನ ಕೂಡಿಸಿ ಒಂದು ತಾಸು ತಿರುಗಿಸಿದ್ರ ಒಬ್ಬನಿಗೆ ಸಿಗೋದು ಹತ್ತು ನಿಮಿಷ. 30 ದಿನಕ್ಕ ಐದೇ ತಾಸು. ಫಾರ್ಮ್ 15 ಅನ್ನೋ ರಿಜಿಸ್ಟರ್ ತೋರಸ್ರಿ ಅನ್ರಿ. ತಾರೀಖು, ಎಷ್ಟರಿಂದ ಎಷ್ಟರ ತನಕ, ಯಾವ ಗಾಡಿ ಅಂತ ಬರೆದು ಕಲಿಸಿದವನದೂ ಕಲಿತವನದೂ ಸಹಿ ಇರಬೇಕು. ಎಲ್ಲಾ ಸಾಲೂ ಒಂದೇ ಪೆನ್ನಿನಾಗ, ಒಂದೇ ಕೈಯಿಂದ ಬರೆದಿದ್ರ ಎದ್ದು ಬರ್ರಿ. ಲಾರಿಯಾಗ ಕಲಿಸುವವನ ಕಾಲ ಕೆಳಗ ಎರಡನೇ ಬ್ರೇಕ್ ಅದನೋ ಇಲ್ಲೋ ಬಗ್ಗಿ ನೋಡ್ರಿ.

ಎಲ್‌ಎಲ್‌ಆರ್ (ಕಲಿಯೋರ ಲೈಸೆನ್ಸ್) ಮೊದಲು ತಗೊಂಡು ಅದೇ ವಾರ ಕೋರ್ಸ್ ಹಚ್ರಿ. ಟೆಸ್ಟಿಗೆ ಹೆಂಗೂ 30 ದಿನ ಕಾಯಬೇಕು, ಎರಡೂ ಒಂದರಾಗೇ ಮುಗೀತಾವ. ಮೂರು ಸಲ ಫೇಲ್ ಆದ್ರ 60 ದಿನ ನಿಲ್ಲಬೇಕಾಗ್ತದ. ಪಿಕಪ್ ಹುಡುಗರು ಎಡವೋದು ಎರಡು ಕಡೆ. ತಿರುವಿನಾಗ ಬೇಗ ಸ್ಟೇರಿಂಗ್ ಒಡೀತಾರ. ಲಾರಿ ಉದ್ದ ಇರೋದ್ರಿಂದ ಹಿಂದಿನ ಗಾಲಿ ಒಳಗ ಸರಿದು ಕಲ್ಲು ಹತ್ತತದ. ಎರಡನೇದು ಏರ್ ಬ್ರೇಕ್: ಪಿಕಪ್ಪಿನಂಗ ಸಣ್ಣ ಸಣ್ಣ ತುಳೀತಾ ಇದ್ರ ಗಾಳಿ ಇಳೀತದ. ಗೇಜ್ ಏರೋ ತನಕ ಗಾಡಿ ಎತ್ತಬಾರದು.

2019ರಿಂದ ಎಂಟನೇ ತರಗತಿ ಪಾಸಿನ ಕಡ್ಡಾಯ ಇಲ್ಲ, ಹಂಗಾಗಿ ಮಾರ್ಕ್ಸ್ ಕಾರ್ಡ್ ಇಲ್ಲ ಅಂತ ಹೆಚ್ಚು ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಐದೈದು ವರ್ಷಕ್ಕ ರಿನ್ಯೂ, ಪ್ರತಿ ಸಲ ಮೆಡಿಕಲ್ ಸಹಿತ.

ಹುಡುಗನಿಗೆ ಇಂಗ್ಲಿಷ್ ಓದಿ ಬರಿಯಲಿಕ್ಕೆ ಬರ್ತಿದ್ರ, ಹೆವಿ ಆದ ಮ್ಯಾಲೆ ಅಪಾಯಕಾರಿ ಸರಕಿನ ಮೂರು ದಿನದ ತರಬೇತಿಯೂ ಮಾಡಿಸ್ರಿ. ಡೀಸೆಲ್, ಗ್ಯಾಸ್, ಆಸಿಡ್ ಟ್ಯಾಂಕರಿಗೆ ಆ ಎಂಡಾರ್ಸ್‌ಮೆಂಟ್ ಇಲ್ಲದೆ ಹತ್ತೋ ಹಂಗಿಲ್ಲ. ಯಾದಗಿರಿ ಕಡೇಚೂರಿನ ಕೆಮಿಕಲ್ ಫ್ಯಾಕ್ಟರಿ ಕಡೆ ಕೆಲಸ ಕೇಳೋದಾದ್ರ ಮೊದಲು ಅದನ್ನೇ ನೋಡ್ತಾರ.