ಸಮೀಕ್ಷೆ ಆಮೇಲೆ ನೋಡಿಕೊಳ್ಳಿ, ಮೊದಲು ಆ ಏಳೆಂಟು ದೂರುಗಳ ತಾರೀಖು ತೆಗೀರಿ

ಹನ್ನೊಂದು ಜನ ಸೇರಿ ‘ತಾಲೂಕು ಮಾನವ ಹಕ್ಕುಗಳ ಆಯೋಗ’ ಮಾಡಿಕೊಂಡಿದ್ದೇವೆ, ಜನರ ಅಗತ್ಯ ತಿಳಿದು ವರ್ಷದ ಯೋಜನೆ ಹಾಕಬೇಕು, ಮನೆಮನೆ ಸಮೀಕ್ಷೆ ಮೊದಲೋ ಜಾಗೃತಿ ಶಿಬಿರ ಮೊದಲೋ ಅಂತ ಕೇಳಿದ್ದೀರಿ. ಎರಡೂ ಅಲ್ಲ. ಆದರೆ ನಾನು ಬರೆಯೋಕೆ ಕೂತಿದ್ದು ಆ ಪ್ರಶ್ನೆಗಲ್ಲ, ಅದರ ಬಾಲದಲ್ಲಿ ನೀವು ಸೇರಿಸಿರೋ ಸಾಲಿಗೆ: ‘ಈಗಾಗಲೇ ಏಳೆಂಟು ದೂರು ಬಂದಿವೆ, ಯೋಜನೆ ಸಿದ್ಧವಾದ ಮೇಲೆ ಒಟ್ಟಿಗೆ ಕೈಗೆತ್ತಿಕೊಳ್ಳುತ್ತೇವೆ.’ ಹೆಚ್ಚುಕಮ್ಮಿ ಇದೇ ಮಾತನ್ನು 2021ರ ಡಿಸೆಂಬರಿನಲ್ಲಿ ನಾನು ನಮ್ಮ ನಡಾವಳಿ ಪುಸ್ತಕದಲ್ಲಿ ಬರೆದಿದ್ದೆ. ನನ್ನದೇ ಕೈಬರಹ, ಈಗಲೂ ಮನೆಯಲ್ಲಿದೆ.

ನಾನು ಬಿಕ್ಕಲಂ, ಅಂದ್ರೆ ಪತ್ರ ಬರೆಯೋನು. ಉಪನೋಂದಣಿ ಕಚೇರಿ ಎದುರು ಮೇಜು ಹಾಕಿಕೊಂಡು 26 ವರ್ಷದಿಂದ ಕ್ರಯಪತ್ರ, ವಿಭಾಗಪತ್ರ, ಕೈಸಾಲದ ನೋಟು ಬರೆದು ಸಂಸಾರ ನಡೆಸಿದವನು. ದಾವಣಗೆರೆ-ಹಾವೇರಿ ಕಡೆಯ, ಮೆಕ್ಕೆಜೋಳದ ಮೇಲೆ ಬದುಕೋ ಊರು. ಜನ ನನ್ನನ್ನ ‘ರೈಟ್ರು’ ಅಂತಾರೆ. ಪೊಲೀಸ್ ಠಾಣೆಯಲ್ಲೂ ಒಬ್ಬ ರೈಟರ್ ಇರ್ತಾನೆ, ಅದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮ ಮಾನವ ಹಕ್ಕುಗಳ ವೇದಿಕೆಯಲ್ಲಿ ಒಂಬತ್ತು ಜನ ಇದ್ವಿ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಅಧ್ಯಕ್ಷರು, ಇಬ್ಬರು ಕಾಲೇಜು ಮೇಷ್ಟ್ರು, ಮೆಡಿಕಲ್ ಶಾಪಿನವರು, ಒಬ್ಬ ಎಲ್‌ಐಸಿ ಏಜೆಂಟ್, ಹೀಗೆ. ನಾನು ಕಾರ್ಯದರ್ಶಿ, ಅಕ್ಷರ ದುಂಡಗಿದೆ ಅನ್ನೋ ಕಾರಣಕ್ಕೆ. ಉದ್ಘಾಟನೆ ಡಿಸೆಂಬರ್ 10ಕ್ಕೆ, ಮಾನವ ಹಕ್ಕುಗಳ ದಿನ. ಭಾಷಣವೆಲ್ಲ ಮುಗಿದು ನಾವು ಉಪ್ಪಿಟ್ಟು ಕೇಸರಿಬಾತು ತಿನ್ನುವಾಗ ಎಪಿಎಂಸಿ ಯಾರ್ಡಿನ ಹಮಾಲಿಯೊಬ್ಬ ಬಂದು ಬಾಗಿಲಲ್ಲೇ ನಿಂತ. ಎಡಗಿವಿಯಲ್ಲಿ ಹತ್ತಿ, ಕೈಯಲ್ಲಿ ಬಟ್ಟೆ ಅಂಗಡಿಯ ಕ್ಯಾರಿಬ್ಯಾಗು. ಬ್ಯಾಗಿನಲ್ಲಿ ಸರ್ಕಾರಿ ಆಸ್ಪತ್ರೆಯ ಚೀಟಿ ಒಂದು, ದಾವಣಗೆರೆಯ ಕಿವಿ ಡಾಕ್ಟರ ಚೀಟಿ ಇನ್ನೊಂದು.

ನವೆಂಬರ್ 17ರ ರಾತ್ರಿ ಲಾರಿಗೆ ತುಂಬಿದ ಜೋಳದಲ್ಲಿ ಎರಡು ಚೀಲ ಕಮ್ಮಿ ಬಂತಂತ. ಠಾಣೆಗೆ ಕರೆದುಕೊಂಡು ಹೋದರು. ಕಾಗದವಿಲ್ಲ, ಮನೆಗೆ ಸುದ್ದಿ ಇಲ್ಲ. ಬಂಧಿಸಿದರೆ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರಿಗೆ ತೋರಿಸಬೇಕು ಅಂತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 1996ರಲ್ಲಿ, ನಮ್ಮೂರಿಗೆ ಆ ತೀರ್ಪು ಇನ್ನೂ ಬಂದಿರಲಿಲ್ಲ ಅಂತ ಕಾಣುತ್ತೆ. ಮಾರನೇ ದಿನ ಮಧ್ಯಾಹ್ನ ಚೀಲ ಇನ್ನೊಂದು ಲಾರಿಯಲ್ಲಿ ಸಿಕ್ಕವು, ಇವನನ್ನ ಬಿಟ್ಟರು. ಅಷ್ಟರೊಳಗೆ ಕಿವಿಯ ತಮಟೆ ಹರಿದಿತ್ತು. ಆಸ್ಪತ್ರೆಗೆ ಜೊತೆಯಲ್ಲಿ ಪೇದೆ ಹೋಗಿದ್ದರಿಂದ ಚೀಟಿಯಲ್ಲಿ ‘ಬಿದ್ದು ಪೆಟ್ಟು’ ಅಂತ ಬರೆಸಿದ್ದರು. ಎಂಎಲ್‌ಸಿ, ಅಂದ್ರೆ ಹೊಡೆತದ ಪೆಟ್ಟಿಗೆ ಆಸ್ಪತ್ರೆಯವರು ದಾಖಲಿಸೋ ಮೆಡಿಕೋ-ಲೀಗಲ್ ಕೇಸು, ಆಗಿರಲಿಲ್ಲ.

ಘಟನೆ ನಡೆದು ಆಗಿನ್ನೂ 23 ದಿನ. ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ 3 ಅಂತ ಬರೆದುಕೊಂಡು, ಹೆಬ್ಬೆಟ್ಟು ಹಾಕಿಸಿಕೊಂಡು, ಒಂದು ತಟ್ಟೆ ಉಪ್ಪಿಟ್ಟು ಕೊಟ್ಟು ಕಳಿಸಿದೆ.

ಆಮೇಲೆ ನಮ್ಮ ಯೋಜನೆ ಶುರುವಾಯ್ತು. ಆರು ಪುಟದ ನಮೂನೆ, 84 ಪ್ರಶ್ನೆ. ಎನ್ನೆಸ್ಸೆಸ್ ಹುಡುಗರು ಮನೆಮನೆಗೆ ಹೋದರು. ನಡುವೆ ಪರೀಕ್ಷೆ ಬಂತು, ಮಳೆಗಾಲ ಬಂತು, ಅಧ್ಯಕ್ಷರು ಮಗಳ ಬಾಣಂತನಕ್ಕೆ ಮೂರು ತಿಂಗಳು ಬೆಂಗಳೂರಿಗೆ ಹೋದರು. ಹಮಾಲಿ ತಿಂಗಳಿಗೊಂದು ಸಲ ನನ್ನ ಮೇಜಿನ ಹತ್ತಿರ ಬರ್ತಿದ್ದ. “ರೈಟ್ರ, ನಮ್ಮ ಅರ್ಜಿ ಹೋತೇನ್ರಿ?” “ಹೋಗತೈತಿ ತಡಿಯಪ್ಪ, ಎಲ್ಲಾರದೂ ಕೂಡಿ ಕಳಸ್ತೇವಿ, ಒಂದಾ ಕಾಗದಕ್ಕ ತೂಕ ಇರೂದಿಲ್ಲ.” ಅಧ್ಯಕ್ಷರ ವಾದವೂ ಅದೇ. ಬಿಡಿಬಿಡಿ ದೂರು ಕಳಿಸಿದರೆ ಬುಟ್ಟಿಗೆ ಹಾಕ್ತಾರೆ, ಅಂಕಿ-ಅಂಶದ ವರದಿ ಜೊತೆ ಕಳಿಸಿದರೆ ಕುರ್ಚಿ ಬಿಟ್ಟು ಏಳ್ತಾರೆ. ಕೇಳೋಕೆ ಸರಿಯಾಗೇ ಇತ್ತು. 48 ಪುಟದ ಪುಸ್ತಕ ಬಂತು, ಅಂಕಿ-ಅಂಶ ತೋರಿಸೋ ಬಣ್ಣಬಣ್ಣದ ಚಕ್ರಗಳು. 2022ರ ಡಿಸೆಂಬರ್ 10, ಎರಡನೇ ಶನಿವಾರ, ಬಿಡುಗಡೆ ಮಾಡಿದ್ವಿ. ಸೋಮವಾರ, 12ನೇ ತಾರೀಖು, ಒಂಬತ್ತು ದೂರು ಮತ್ತು ಆ ಪುಸ್ತಕ ಸೇರಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬೆಂಗಳೂರಿಗೆ, ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಕಳಿಸಿದೆ. ಅಂಚೆ ರಸೀದಿ ಅಂಟಿಸಿ ಇಟ್ಟುಕೊಂಡೆ. ಅದರಲ್ಲೇನೂ ಕಮ್ಮಿ ಮಾಡಲಿಲ್ಲ.

ವಾಪಸ್ ಬಂದ ಕಾಗದ ಹತ್ತು ಸಾಲಿನದು. ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ 1993, ಸೆಕ್ಷನ್ 36(2). ಘಟನೆ ನಡೆದು ಒಂದು ವರ್ಷ ಮೀರಿದ ವಿಷಯವನ್ನು ಆಯೋಗ ವಿಚಾರಣೆಗೆ ತೆಗೆದುಕೊಳ್ಳುವ ಹಾಗಿಲ್ಲ.

ಇದನ್ನ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ನನಗೆ ಅರ್ಥವಾಗೋಕೂ ಹೊತ್ತು ಹಿಡೀತು. ಒಂದು ವರ್ಷ ಅಂದ್ರೆ ನಮ್ಮ ರಿಜಿಸ್ಟರಿನಲ್ಲಿ ಬರೆದುಕೊಂಡ ದಿನದಿಂದ ಅಲ್ಲ. ಆಸ್ಪತ್ರೆ ಚೀಟಿಯ ದಿನದಿಂದ ಅಲ್ಲ. ಸಮಿತಿ ಸಭೆ ಸೇರಿ ‘ಇದು ಹಕ್ಕಿನ ಉಲ್ಲಂಘನೆ’ ಅಂತ ಠರಾವು ಮಾಡಿದ ದಿನದಿಂದಲೂ ಅಲ್ಲ. ಏಟು ಬಿದ್ದ ದಿನದಿಂದ. 2021ರ ನವೆಂಬರ್ 17. ನಾನು ಪೋಸ್ಟ್ ಮಾಡಿದ್ದು 25 ದಿನ ತಡ. ಅವನು ನನ್ನ ಮುಂದೆ ಬಂದು ನಿಂತಾಗ ಕೈಯಲ್ಲಿ ಹನ್ನೊಂದು ತಿಂಗಳ ಮೇಲಿತ್ತು. ಅಷ್ಟನ್ನೂ ಚಕ್ರ ಬಿಡಿಸೋಕೆ ಖರ್ಚು ಮಾಡಿದ್ವಿ.

ತಾರೀಖೇ ನನ್ನ ಕಸುಬು ನೋಡಿ. ಕೈಸಾಲದ ನೋಟಿಗೆ ಮೂರು ವರ್ಷ ಅಂತ ಓದುಬರಹ ಇಲ್ಲದ ಮುದುಕಿಗೂ ಹೇಳಿಕೊಟ್ಟವನು ನಾನು. ಬಡ್ಡಿ ಕಟ್ಟಿ ಹಿಂದೆ ಬರೆಸಿಕೊಂಡರೆ ಮತ್ತೆ ಮೂರು ವರ್ಷ ಜೀವ ಬರುತ್ತೆ ಅಂತಲೂ ಗೊತ್ತು. ಅದೇ ಲೆಕ್ಕ ತಲೆಯಲ್ಲಿ ಕೂತಿತ್ತು. ದುಡ್ಡಿಗೇ ಮೂರು ವರ್ಷ ಅಂದಮೇಲೆ ಮನುಷ್ಯನ ಕಿವಿಗೆ ಅದಕ್ಕಿಂತ ಕಮ್ಮಿ ಇರೋಕೆ ಸಾಧ್ಯವೇ ಅಂದುಕೊಂಡಿದ್ದೆ. ಅಂದುಕೊಂಡಿದ್ದೆ ಅನ್ನೋದೂ ತಪ್ಪು, ಯೋಚನೆಯನ್ನೇ ಮಾಡಿರಲಿಲ್ಲ. ಕಾಯ್ದೆಯ ಪುಸ್ತಕ ನಮ್ಮ ಕಪಾಟಿನಲ್ಲೇ ಇತ್ತು. ಉದ್ಘಾಟನೆಯಲ್ಲಿ ಅದರ ಮೊದಲ ಪುಟ ಓದಿದ್ವಿ, ಕೊನೆಯ ಪುಟಗಳನ್ನ ಯಾರೂ ತಿರುವಲಿಲ್ಲ.

ಬೇರೆ ದಾರಿ ಪೂರ್ತಿ ಮುಚ್ಚಿತ್ತು ಅಂತಲ್ಲ. ವಕೀಲರೊಬ್ಬರು ಖಾಸಗಿ ದೂರು ಹಾಕಬಹುದು, ಹೈಕೋರ್ಟಿಗೆ ರಿಟ್ ಹೋಗಬಹುದು ಅಂದರು. ಆದರೆ ಸಾಕ್ಷಿ ಎಲ್ಲಿ? ಠಾಣೆಯ ಸಿಸಿಟಿವಿ ದೃಶ್ಯ 18 ತಿಂಗಳು, ಅಷ್ಟು ಆಗದಿದ್ದರೆ ಕನಿಷ್ಠ ಒಂದು ವರ್ಷ ಇಟ್ಟಿರಬೇಕು ಅಂತ ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಹೇಳಿದೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ನಮ್ಮ ಯಂತ್ರದಲ್ಲಿ ಒಂದು ವರ್ಷದ್ದಷ್ಟೇ ಉಳಿಯುತ್ತೆ ಅಂತ ಉತ್ತರ ಬಂತು. ಅವನ ಜೊತೆ ಅವತ್ತು ಠಾಣೆಯಲ್ಲಿದ್ದ ಇನ್ನೊಬ್ಬ ಹಮಾಲಿ ಗೋವಾಕ್ಕೆ ಹೋಗಿಬಿಟ್ಟಿದ್ದ. ಕಾಗದ ತೋರಿಸಿ ವಿಷಯ ಹೇಳಿದಾಗ ಇವನು ನನ್ನ ಮೇಲೆ ಕೂಗಾಡಲಿಲ್ಲ. ಬಲಗಿವಿ ನನ್ನ ಕಡೆ ಮಾಡಿ ಎರಡು ಸಲ ಕೇಳಿಸಿಕೊಂಡು, “ಹಂಗಾದ್ರ ಆವತ್ತಾ ಕಳಿಸಿದ್ರ ಆಗತಿತ್ತಲ್ರಿ?” ಅಂದ. ಆಗ್ತಿತ್ತು ಅಂದೆ. ಎದ್ದು ಹೋದ.

ಇನ್ನು ನಿಮ್ಮ ಪ್ರೀತಿಯ ಸಮೀಕ್ಷೆಗೆ ಬರ್ತೀನಿ. ಆ ಕಾಗದ ಬಂದ ಮೇಲೆ ಒಂದು ರಾತ್ರಿ ನಮೂನೆಗಳ ಕಟ್ಟು ಬಿಚ್ಚಿ ಅವನ ಮನೆಯದ್ದನ್ನ ಹುಡುಕಿದೆ. ಪ್ರಶ್ನೆ 61: ‘ನಿಮ್ಮ ಕುಟುಂಬದ ಯಾರಿಗಾದರೂ ಪೊಲೀಸರಿಂದ ತೊಂದರೆಯಾಗಿದೆಯೇ?’ ಉತ್ತರ: ಇಲ್ಲ. ಕಿವಿ ಹರಿದ ಮನೆಯಲ್ಲೇ ಇಲ್ಲ! ಆಮೇಲೆ ಅವನ ಹೆಂಡತಿಯನ್ನ ಕೇಳಿದೆ. ಹುಡುಗ ಬಾಗಿಲಲ್ಲಿ ನಿಂತು “ರೈಟ್ರು ಕಳಿಸ್ಯಾರ” ಅಂದನಂತೆ. ಆಕೆ ಠಾಣೆಯ ರೈಟರ್ ಅಂದುಕೊಂಡಳು.

ಆ ಕಟ್ಟಿನಲ್ಲಿ ಎಲ್ಲರ ಅಗತ್ಯವೂ ಒಂದೇ ಥರ ಇತ್ತು. ರಸ್ತೆ, ಚರಂಡಿ, ಬೀದಿದೀಪ. ಜನ ದಡ್ಡರಲ್ಲ. ಎದುರಿಗಿರೋನ ಕೈಲಿ ಏನಾಗುತ್ತೋ ಅಷ್ಟನ್ನೇ ಕೇಳ್ತಾರೆ, ಪೆನ್ನು ಹಿಡಿದ ಅಪರಿಚಿತ ಹುಡುಗನ ಮುಂದೆ ಮನೆಯ ಹುಣ್ಣು ಬಿಚ್ಚೋದಿಲ್ಲ. ಆದ್ದರಿಂದ ‘ಮೊದಲು ಅಗತ್ಯ ಗುರುತಿಸಿ, ಆಮೇಲೆ ಕೆಲಸ’ ಅನ್ನೋ ನಿಮ್ಮ ಕ್ರಮವನ್ನೇ ನಾನು ಒಪ್ಪೋದಿಲ್ಲ. ಕೆಲಸ ಮಾಡ್ತಾ ಹೋದರೆ ಅಗತ್ಯ ತಾನಾಗೇ ಮೇಜಿನ ಮುಂದೆ ಬಂದು ಕೂರುತ್ತೆ.

ನಾವು ಆಮೇಲೆ ಮಾಡಿದ್ದು ಇಷ್ಟೇ. ಮಂಗಳವಾರ ಸಂತೆ. ಬಸ್‌ಸ್ಟ್ಯಾಂಡ್ ಪಕ್ಕದ ಅರಳಿಕಟ್ಟೆ ಮೇಲೆ ಒಂದು ಮೇಜು, ಎರಡು ಸ್ಟೂಲು, ಬೆಳಿಗ್ಗೆ ಹತ್ತರಿಂದ ಎರಡರವರೆಗೆ. ಬ್ಯಾನರ್ ಇಲ್ಲ. ಮೊದಲ ಎರಡು ತಿಂಗಳಲ್ಲಿ 31 ಜನ ಬಂದರು. ಅದರಲ್ಲಿ ಮಾನವ ಹಕ್ಕು ಆಯೋಗಕ್ಕೆ ಹೋಗಬೇಕಾದದ್ದು ನಾಲ್ಕೇ. ಪಿಂಚಣಿ ನಿಂತವರು ನಾಡಕಚೇರಿಗೆ, ಕೂಲಿ ಬಾಕಿಯವರು ಕಾರ್ಮಿಕ ನಿರೀಕ್ಷಕರ ಹತ್ತಿರ, ಗಂಡನ ಮನೆ ತಕರಾರಿನವರು ಕೋರ್ಟ್ ಆವರಣದ ತಾಲೂಕು ಕಾನೂನು ಸೇವಾ ಸಮಿತಿಗೆ. ಹೆಂಗಸರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಕಸ್ಟಡಿಯಲ್ಲಿರೋರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ, 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ಒಂದು ಮಂಗಳವಾರ ಒಬ್ಬ ಹೆಂಗಸು ಬಂದು, ಇವತ್ತು ರಾತ್ರಿ ನಮ್ಮ ಯಜಮಾನರನ್ನ ಲಾಡ್ಜಿನ ಶೌಚದ ಗುಂಡಿಗೆ ಇಳಿಸ್ತಾರೆ ಅಂದಳು. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಅದು ಅಪರಾಧ. ಅಲ್ಲಿಂದಲೇ ಪುರಸಭೆಗೆ ಫೋನ್ ಮಾಡಿದ್ವಿ, ಸಂಜೆಗೆ ಸಕ್ಕಿಂಗ್ ಯಂತ್ರದ ಗಾಡಿ ಬಂತು. ಗುಂಡಿಯಲ್ಲಿ ಸತ್ತರೆ 30 ಲಕ್ಷ ಪರಿಹಾರ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ಸರಿಯೇ. ಆದರೆ ನಮ್ಮ 84 ಪ್ರಶ್ನೆಯಲ್ಲಿ ‘ಗುಂಡಿ’ ಅನ್ನೋ ಪದವೇ ಇರಲಿಲ್ಲ.

ರಿಜಿಸ್ಟರಿನಲ್ಲಿ ಈಗ ಎರಡು ಹೊಸ ಕಾಲಂ. ‘ಘಟನೆಯ ದಿನ’, ಅದರ ಪಕ್ಕ ಕೆಂಪಿನಲ್ಲಿ ‘ಕೊನೆಯ ದಿನ’. ಹೆಸರು ಬರೆಯೋಕೆ ಮುಂಚೆ ಅವೆರಡನ್ನ ತುಂಬ್ತೀನಿ. ಆಯೋಗಕ್ಕೆ ಹೋಗೋ ದೂರಾದರೆ ಅವತ್ತೇ ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ: ಯಾರಿಗೆ, ಎಲ್ಲಿ, ಯಾವತ್ತು, ಏನಾಯ್ತು, ಯಾರು ನೋಡಿದರು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ನೊಂದವರ ಪರವಾಗಿ ಯಾರು ಬೇಕಾದರೂ ಬರೆಯಬಹುದು. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಅದರಲ್ಲೇ ಹಾಕಿ. ಆಯೋಗ ಕೊಡೋದು ಶಿಫಾರಸು, ಅದೇನು ಬ್ರಹ್ಮಾಸ್ತ್ರವಲ್ಲ. ಆದರೆ ಸಿವಿಲ್ ಕೋರ್ಟಿನ ಹಾಗೆ ದಾಖಲೆ ತರಿಸೋ ಅಧಿಕಾರ ಅದಕ್ಕಿದೆ, ಸ್ವಂತ ತನಿಖಾ ವಿಭಾಗ ಇದೆ. ಹಮಾಲಿಯ ಕೇಸಿನಲ್ಲಿ ಸಿಸಿಟಿವಿ ಅಳಿಯೋ ಮುಂಚೆ ತರಿಸೋ ಶಕ್ತಿ ಇದ್ದದ್ದು ಅದಕ್ಕೆ, ನಮಗಲ್ಲ.

ಹೆಸರಿನ ವಿಷಯ ಒಂದು ಉಳೀತು. ಬೋರ್ಡಿನಿಂದ ‘ಆಯೋಗ’ ಅನ್ನೋದನ್ನ ಇವತ್ತೇ ಅಳಿಸಿ. ಕಾಯ್ದೆಯಲ್ಲಿ ಇರೋದು ರಾಷ್ಟ್ರೀಯ ಆಯೋಗ, ರಾಜ್ಯ ಆಯೋಗ. ನಮ್ಮ ರಾಜ್ಯದ್ದು ಕೆಲಸ ಶುರು ಮಾಡಿದ್ದು 2007ರಲ್ಲಿ. ಜಿಲ್ಲೆಯಲ್ಲಿ ಇರೋದು ಸೆಕ್ಷನ್ 30ರ ಮಾನವ ಹಕ್ಕುಗಳ ನ್ಯಾಯಾಲಯ, ಅದೂ ಸೆಷನ್ಸ್ ಕೋರ್ಟೇ. ತಾಲೂಕು ಆಯೋಗ ಅನ್ನೋದು ಎಲ್ಲೂ ಇಲ್ಲ. ಜೀಪಿಗೆ ಕೆಂಪು ಬೋರ್ಡು ಹಾಕಿಕೊಂಡು ಐಡಿ ಕಾರ್ಡ್ ಮಾರೋ ‘ಹ್ಯೂಮನ್ ರೈಟ್ಸ್’ನವರು ಊರಿಗೊಬ್ಬರು ಇದ್ದಾರೆ, ನಿಮ್ಮನ್ನೂ ಅದೇ ಸಾಲಿಗೆ ಸೇರಿಸ್ತಾರೆ. ಅದಕ್ಕಿಂತ ಕೆಟ್ಟದ್ದೂ ಒಂದಿದೆ. ನಿಮಗೆ ಕೊಟ್ಟ ಅರ್ಜಿಯನ್ನ ನಿಜವಾದ ಆಯೋಗಕ್ಕೇ ಕೊಟ್ಟೆ ಅಂತ ನಂಬಿ ಜನ ಸುಮ್ಮನೆ ಕಾಯ್ತಾರೆ. ನಮ್ಮ ಹಮಾಲಿ ಕಾದದ್ದು ಹಾಗೇ. ನಾವು ಬೋರ್ಡಿನಲ್ಲಿ ‘ವೇದಿಕೆ’ ಅಂತಲೇ ಬರೆಸಿದ್ವಿ, ಆದರೂ ಅವನಿಗೆ ಅದೆಲ್ಲ ಒಂದೇ ಆಗಿತ್ತು.

ಜಾಗೃತಿ ಶಿಬಿರದ ಬಗ್ಗೆ ನನಗೆ ಅಭಿಪ್ರಾಯ ಇಲ್ಲ. ಮಾಡೋರು ಮಾಡಲಿ, ಉಪ್ಪಿಟ್ಟು ಚೆನ್ನಾಗಿರಲಿ.

ಈಗ ಆ ಏಳೆಂಟು ಅರ್ಜಿ ಎಲ್ಲಿವೆ? ಫೈಲಿನಲ್ಲೋ, ಕಾರ್ಯದರ್ಶಿ ಮನೆಯ ಕಪಾಟಿನಲ್ಲೋ? ಇವತ್ತು ರಾತ್ರಿಯೇ ತರಿಸಿಕೊಂಡು ಘಟನೆಯ ತಾರೀಖಿನ ಪ್ರಕಾರ ಜೋಡಿಸಿ, ಹಳೆಯದು ಮೇಲೆ ಬರಲಿ. ಒಂದು ವರ್ಷಕ್ಕೆ ಹತ್ತಿರ ಇರೋದನ್ನ ನಾಳೆ ಅಂಚೆ ಕಚೇರಿ ಬಾಗಿಲು ತೆಗೆಯೋ ಹೊತ್ತಿಗೆ ಹಿಡಿದುಕೊಂಡು ನಿಂತಿರಿ. ಅರ್ಜಿ ಬರೆಯೋಕೆ ಕೈ ಓಡಲಿಲ್ಲ ಅಂದ್ರೆ ಹೆಸರು ಮುಚ್ಚಿ ಇಲ್ಲೇ ಹಾಕಿ, ನಾನು ಬರೆದು ಕೊಡ್ತೀನಿ. ಸೋಮವಾರದಿಂದ ಶನಿವಾರ ಮೇಜಿನ ಹತ್ತಿರ ಇರ್ತೀನಿ, ಮಂಗಳವಾರ ಮಾತ್ರ ಎರಡು ಗಂಟೆ ಮೇಲೆ.