ಮೊದಲು ಕೋಟೆ, ಆಮೇಲೆ ಬೆಣ್ಣೆ ದೋಸೆ

ಪ್ರಶ್ನೆ: ಒಂದೇ ದಿನದಲ್ಲಿ ಚಿತ್ರದುರ್ಗದ ಕೋಟೆ ನೋಡಿ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಬರಬಹುದೇ? ಜೊತೆಗೆ ಮಂಡಿನೋವಿರುವ ಅಮ್ಮ ಇದ್ದಾರೆ.
– ಓದುಗರು, ತುಮಕೂರು

ಉತ್ತರ: ಧಾರಾಳವಾಗಿ. ಆದರೆ ಕೋಟೆಯನ್ನು ಬೆಳಗ್ಗೆಯೇ ಮುಗಿಸಿ. ಹತ್ತು ಗಂಟೆ ದಾಟಿತೆಂದರೆ ಬಂಡೆ ಕಾಯುತ್ತದೆ, ಮೇಲೆ ನೆರಳು ಕಡಿಮೆ; ಬಿಸಿಲಿಗೆ ಸೋತು ಅರ್ಧಕ್ಕೇ ಇಳಿಯುವವರೇ ಜಾಸ್ತಿ. ಒಬ್ಬರಿಗೊಂದು ಲೀಟರ್ ನೀರಿರಲಿ. ಅಡಿ ಸವೆದ ಚಪ್ಪಲಿ ಬೇಡ, ಜಾರುತ್ತದೆ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ನಡೆದರೆ ಕೋತಿಗಳು ಬಿಡುವುದಿಲ್ಲ.

ಅಮ್ಮ ಹಿಂದೆ ಕೋವಿಮದ್ದು ಬೀಸುತ್ತಿದ್ದ ಕಲ್ಲುಗಳವರೆಗೆ ನಿಧಾನವಾಗಿ ಬರಲಿ. ಎತ್ತರದ ಬಂಡೆಯ ಮೇಲಿರುವ ತುಪ್ಪದ ಕೊಳ ಅವರಿಗೆ ಖಂಡಿತ ಬೇಡ. ಬಂಡೆಯಲ್ಲಿ ಕೊರೆದ ಕುಳಿಗಳಲ್ಲಿ ಕಾಲಿಟ್ಟು ಹತ್ತಬೇಕು, ಇಳಿಯುವಾಗ ಭಾರವೆಲ್ಲ ಮಂಡಿಯ ಮೇಲೆ. ಓಬವ್ವನ ಕಿಂಡಿಗೆ ಮುಖ್ಯ ದಾರಿ ಬಿಟ್ಟು ತಿರುಗಬೇಕು, ಮೊದಲ ಸಲ ಹೋದವರು ದಾಟಿ ಹೋಗಿಬಿಡುತ್ತಾರೆ. ಬಾಗಿಲಲ್ಲೇ ದರ ಮಾತಾಡಿ ಒಬ್ಬ ಗೈಡ್ ಕರೆದುಕೊಳ್ಳಿ.

ಕಿಂಡಿಯಷ್ಟೇ ಮನಸ್ಸಿಟ್ಟು ನೋಡಬೇಕಾದದ್ದು ನೀರಿನ ವ್ಯವಸ್ಥೆ. ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಮಳೆ ಕಡಿಮೆಯ ಈ ಸೀಮೆಯಲ್ಲಿ, 1779ರಲ್ಲಿ ಹೈದರಾಲಿಗೆ ಸೋಲುವವರೆಗೆ ಪಾಳೆಗಾರರು ಮುತ್ತಿಗೆಗಳನ್ನು ತಡೆದುಕೊಂಡದ್ದಕ್ಕೆ ಗೋಡೆಯಷ್ಟೇ ಈ ನೀರೂ ಕಾರಣ.

ಅಲ್ಲಿಂದ ದಾವಣಗೆರೆ ಸುಮಾರು 60 ಕಿ.ಮೀ. ಮಧ್ಯಾಹ್ನ ಒಲೆ ಆರಿಸುವ ದೋಸೆ ಅಂಗಡಿಗಳೂ ಇವೆ, ಮಧ್ಯಾಹ್ನ ಒಂದು ಗಂಟೆ ಹೊಡೆಯುವ ಮೊದಲೇ ತಲುಪಿಕೊಳ್ಳಿ. ಸೌದೆ ಒಲೆಯ ಅಂಗಡಿ ಹುಡುಕಿ, ಒಂದೊಂದೇ ದೋಸೆ ಹೇಳಿ, ಹೆಂಚಿನಿಂದ ಬಂದ ಕೂಡಲೇ ತಿನ್ನಿ. ಪಾರ್ಸಲ್ ಮಾತ್ರ ಬೇಡ. ಹಬೆಗೆ ದೋಸೆ ಮೆತ್ತಗಾಗುತ್ತದೆ, ಬೆಣ್ಣೆ ಹೆಪ್ಪುಗಟ್ಟುತ್ತದೆ. ಸಂಜೆವರೆಗೆ ಇದ್ದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಿಡಬೇಡಿ.

ಪ್ರಶ್ನೆ: ಮನೆಯಲ್ಲಿ ಮಾಡಿದ ಬೆಣ್ಣೆ ದೋಸೆ ಗರಿಯಾಗುವುದೇ ಇಲ್ಲ, ಏಕೆ?
– ಓದುಗರು, ಹೊಳಲ್ಕೆರೆ

ಉತ್ತರ: ಬಹುಪಾಲು ಉದ್ದು ಹೆಚ್ಚಾಗಿರುತ್ತದೆ. ದೋಸೆ ಅಕ್ಕಿ 3 ಲೋಟಕ್ಕೆ ಉದ್ದಿನಬೇಳೆ ಅರ್ಧ ಲೋಟ, ಮೆಂತ್ಯ 1 ಚಮಚ ಸಾಕು. ಐದು ಗಂಟೆ ನೆನೆಯಲಿ. ಮಂಡಕ್ಕಿ 2 ಲೋಟ. ಅದನ್ನು ರುಬ್ಬುವ ಹತ್ತು ನಿಮಿಷ ಮುಂಚೆಯಷ್ಟೇ ನೆನೆಸಿ, ಹಿಂಡಿ ಹಾಕಿ. ಅಕ್ಕಿಯ ಜೊತೆಗೇ ನೆನೆಹಾಕಿದರೆ ನೀರು ಕುಡಿದು ಹಿಟ್ಟು ತೆಳ್ಳಗಾಗುತ್ತದೆ. ರಾತ್ರಿಯಿಡೀ ಹುಳಿಬರಲಿ; ಬೆಳಗ್ಗೆ ಉಪ್ಪು, ಅರ್ಧ ಚಮಚ ಸಕ್ಕರೆ, ಚಿಟಿಕೆ ಸೋಡಾ.

ಕಾದ ಕಬ್ಬಿಣದ ಹೆಂಚಿಗೆ ನೀರು ಚಿಮುಕಿಸಿ ಒರೆಸಿ, ಸ್ವಲ್ಪ ದಪ್ಪಕ್ಕೇ ಹರಡಿ. ಮೇಲ್ಭಾಗ ಒಣಗುತ್ತಾ ಬಂದಾಗ ಉಪ್ಪಿಲ್ಲದ ಬೆಣ್ಣೆ ಹಾಕಿ, ಮಗುಚಿದ ಮೇಲೆ ಮತ್ತೊಮ್ಮೆ. ಮೊದಲೇ ಹಾಕಿದರೆ, ಅಥವಾ ಉರಿ ದೊಡ್ಡದಿದ್ದರೆ, ಬೆಣ್ಣೆಯಲ್ಲಿನ ಹಾಲಿನ ಅಂಶ ಕರಟುತ್ತದೆ, ದೋಸೆ ಕಹಿ. ಪಲ್ಯಕ್ಕೆ ಅರಿಸಿನ ಬೇಡ, ಕಾಯಿಚಟ್ನಿ ನೀರಾಗಿರಲಿ.

ಪ್ರಶ್ನೆ: ದಾವಣಗೆರೆಗೆ ಹೋದಾಗ ಅರ್ಧ ದಿನ ಉಳಿದರೆ?
– ಓದುಗರು, ಹಿರಿಯೂರು

ಉತ್ತರ: ಹರಿಹರ. ಸುಮಾರು 14 ಕಿ.ಮೀ. ದೂರ. ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ. ವಿಗ್ರಹದ ಬಲಭಾಗ ಶಿವ, ಎಡಭಾಗ ವಿಷ್ಣು. ಮಧ್ಯಾಹ್ನ ಗರ್ಭಗುಡಿ ಮುಚ್ಚಿರುವುದುಂಟು, ನಾಲ್ಕೂವರೆಯ ನಂತರ ಹೋಗಿ.